ಬೆನ್ನಿಗೊಂದು ಬರೆ

ಆಗ ನನಗೆ ಇಪ್ಪತ್ತು. ಈಗ ಅದಕ್ಕೆ ಅರವತ್ತು ವರ್ಷವಾಯಿತು. ಸುಲ್ತಾನರ ಪಟ್ಟಣದ ಕೋಟೆ ಬೀಳುವುದಕ್ಕೆ ಸ್ವಲ್ಪ ಮುಂಚಿನ ಮಾತು.

ಇದನ್ನು ಬರೆಯುವುದಕ್ಕೆ ಕಾರಣ ಇಷ್ಟೇ. ಇನ್ನು ಮೇಲೆ ಹೊಸ ಮೇಷ್ಟ್ರಾಗುವವನು ಸರ್ಕಾರದವರ ಮುಂದೆ ಪರೀಕ್ಷೆ ಕೊಟ್ಟು ಗೆದ್ದರೆ ಮಾತ್ರ ಮಕ್ಕಳ ಮುಂದೆ ಕೂರಬಹುದಂತೆ. ನಮ್ಮ ಜಗುಲಿಗೆ ಬಂದು ಕೂರುವ ಗಂಡಸರು ಅದರ ಮೇಲೆ ಜಗಳಕ್ಕೆ ಬಿದ್ದಿದ್ದಾರೆ. ಪರೀಕ್ಷೆ ಬೇಕೇಬೇಕು ಅನ್ನುವವರು ಅರ್ಧ, ಅದರಿಂದ ಯಾರು ಉದ್ಧಾರವಾದರು ಅನ್ನುವವರು ಅರ್ಧ. ಆ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಎಂದು ನಾನು ಒಳಗಿನಿಂದಲೇ ಕೇಳಿದೆ. ಒಬ್ಬನಿಗೂ ಗೊತ್ತಿರಲಿಲ್ಲ. ಏನು ಕೇಳುತ್ತಾರೆ ಎಂದೇ ಗೊತ್ತಿಲ್ಲದೆ ಬೇಕು ಬೇಡ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಾನು ಒಂದು ಪರೀಕ್ಷೆಯನ್ನು ಕಣ್ಣಾರೆ ಕಂಡವಳು. ಅದನ್ನು ಬರೆದಿಡುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ನಾನು ಹೊಸಹೊಳಲಿನ ಕಮ್ಮಾರನ ಮಗಳು. ನಾಗಮಂಗಲದ ಬಡಗಿಗೆ ಕೊಟ್ಟರು. ಕುಲುಮೆ ಮನೆಯಲ್ಲಿ ಬೆಳೆದವಳಿಗೆ ಕಿಡಿ, ಬೈಗಳು ಎರಡೂ ಅಭ್ಯಾಸ. ನನ್ನ ಗಂಡ ನೇಗಿಲು, ಗಾಡಿ, ಬಾಗಿಲು ಮಾಡುತ್ತಿದ್ದ. ಅವನ ತಾತ ಅವನಿಗೆ ಓದುಬರಹ ಚೆನ್ನಾಗಿ ಕಲಿಸಿದ್ದರು, ಮನೆ ಕಟ್ಟುವ ಲೆಕ್ಕವೆಲ್ಲ ತಾಳೆಯೋಲೆಯಲ್ಲಿ ಇರುತ್ತಿತ್ತಲ್ಲ, ಅದಕ್ಕೆ. ಊರಿನ ಮಠಕ್ಕೆ ಬರೆಯುವ ಹಲಗೆಗಳನ್ನು ಮಾಡಿಕೊಡುತ್ತಿದ್ದವನೂ ಅವನೇ. ಮಠ ಎಂದರೆ ಆಗ ಮಕ್ಕಳು ಅಕ್ಷರ ಕಲಿಯುವ ಜಾಗ, ಕಲಿಸುವವರು ಐಗಳು. ಹಲಗೆಗೆ ಮಸಿ ಬಳಿದು ಒಣಗಿಸಿದ ಮೇಲೆ, ಬಳಪ ಹಿಡಿಯುತ್ತದೋ ಜಾರುತ್ತದೋ ನೋಡಲು ನನ್ನ ಕೈಗೆ ಕೊಟ್ಟು ಏನಾದರೂ ಬರೆಸುತ್ತಿದ್ದ. ನಾನು ಕಲಿತದ್ದು ಹಾಗೆ. ಹಲಗೆ ಸರಿಯಿದೆಯೋ ಇಲ್ಲವೋ ನೋಡುವಷ್ಟು ಕಲಿತೆ, ಅದಕ್ಕಿಂತ ಹೆಚ್ಚು ಕಲಿಯಲಿಲ್ಲ.

ಊರಿನ ಹಳೆಯ ಐಗಳನ್ನು ಹಿಂದಿನ ಲಡಾಯಿಯಲ್ಲಿ ಕೊಂದಿದ್ದರು. ಬಡಗಣ ಸೀಮೆಯ ಕುದುರೆ ದಂಡು ಬಂದು ಊರಿಗೆ ಬೆಂಕಿ ಇಟ್ಟು, ತೆಂಗಿನ ಮರಗಳನ್ನೆಲ್ಲ ಕಡಿದು ಕೆಡವಿದ್ದು ಆಗಲೇ. ನಾನು ಇನ್ನೂ ಹೊಸದಾಗಿ ಬಂದ ಸೊಸೆ, ಚಿಕ್ಕವಳು. ಕಂಚಿನ ಪಾತ್ರೆ, ಚಿನ್ನ ಎಲ್ಲಿ ಹೂತಿದ್ದೀರಿ ಎಂದು ಐಗಳನ್ನು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ಕುದುರೆಯವನು ಈಟಿಯನ್ನು ಹೊಟ್ಟೆಗೆ ಚುಚ್ಚಿ, ಮಠದ ಗೋಡೆಗೆ ಒತ್ತಿ ಹಿಡಿದ. ಹಿತ್ತಿಲ ಹುಲ್ಲಿನ ಮೆದೆಯ ಹಿಂದೆ ಅವಿತಿದ್ದ ನಾವೆಲ್ಲ ನೋಡಿದೆವು. ಅವರ ಕೈಯಲ್ಲಿ ಓದುತ್ತಿದ್ದ ಹುಡುಗರೂ ನೋಡಿದರು. ಒಬ್ಬ ಹುಡುಗನೂ ಅಳಲಿಲ್ಲ.

ಅವರು ಯಾಕೆ ಅಳಲಿಲ್ಲ ಎನ್ನುವುದಕ್ಕೆ ಕೋದಂಡದ ವಿಷಯ ಹೇಳಬೇಕು. ಮಠದ ತೊಲೆಗೆ ಒಂದು ಹಗ್ಗ ಇಳಿಬಿಟ್ಟಿರುತ್ತಿದ್ದರು. ತಪ್ಪು ಮಾಡಿದ ಹುಡುಗ ಆ ಹಗ್ಗ ಹಿಡಿದು ಕಾಲು ಮೇಲೆತ್ತಿ ಜೋತಾಡಬೇಕು. ಕೆಳಗೆ ಜಾಲಿ ಮುಳ್ಳು ಹರಡಿರುತ್ತಿದ್ದರು. ಕೈ ಸೋತು ಕಾಲು ಇಳಿದರೆ ಮುಳ್ಳು, ಇಳಿಯದಿದ್ದರೆ ಬೆನ್ನಿಗೆ ಬೆತ್ತ. ಅದಕ್ಕೆ ಕೋದಂಡ ಎಂದು ಹೆಸರು. ಆಗ ಎಲ್ಲ ಊರಲ್ಲೂ ಇತ್ತು, ಯಾರೂ ಅದನ್ನು ಕೆಟ್ಟದ್ದು ಅನ್ನುತ್ತಿರಲಿಲ್ಲ.

ಐಗಳು ಸತ್ತ ಮೇಲೆ ಮಠ ಪಾಳು ಬಿತ್ತು. ಮನೆ ಮನೆಯಲ್ಲೂ ತಿನ್ನುವುದಕ್ಕೇ ಇಲ್ಲದಾಗ ಅಕ್ಷರ ಯಾರಿಗೆ ಬೇಕು. ಕೆಲವು ವರ್ಷ ಕಳೆದು, ಮಕ್ಕಳು ಕವಣೆ ಹಿಡಿದು ಬೀದಿ ಸುತ್ತುವುದನ್ನು ನೋಡಲಾರದೆ ಊರಿನ ಗೌಡರು ಹೊಸ ಐಗಳನ್ನು ಇಡಬೇಕೆಂದು ಹೊರಟರು. ಅದೇ ಹೊತ್ತಿಗೆ ಇನ್ನೊಂದು ಲಡಾಯಿ ಬರುತ್ತದೆ ಎಂದು ಸುದ್ದಿ ಹಬ್ಬಿತ್ತು. ಫಿರಂಗಿ ಹೊರುವ ತೋಪಿನ ಗಾಡಿ ಕಟ್ಟಲು ಪಟ್ಟಣದಿಂದ ಆಳುಗಳು ಬಂದು ಊರೂರಿನ ಬಡಗಿ, ಕಮ್ಮಾರರನ್ನು ಹಿಡಿದುಕೊಂಡು ಹೋಗುತ್ತಿದ್ದರು. ಹೋದವರು ತಿರುಗಿ ಬಂದದ್ದನ್ನು ನಾವು ಕಂಡಿರಲಿಲ್ಲ. ಗೌಡ, ಶಾನುಭೋಗ, ಪೂಜಾರಿ, ಐಗಳು, ಇವರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನನ್ನ ಗಂಡ ಐಗಳಾದರೆ ಉಳಿಯುತ್ತಾನೆ, ಬಡಗಿಯಾಗಿಯೇ ಉಳಿದರೆ ಹೋಗುತ್ತಾನೆ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಅವನ ಎದುರಿಗೆ ನಿಂತವನು ಒಬ್ಬನೇ. ಹಿರೋಡೆಯ ದಂಡಿನ ಬಿಡಾರದಲ್ಲಿ ಎತ್ತುಗಳ ಲೆಕ್ಕ ಬರೆದುಕೊಂಡಿದ್ದವನು. ಮೊಣಕೈಯಿಂದ ಕೆಳಗೆ ಒನಕೆಯಂಥ ತೋಳು. ಅವನ ಎಡಗಿವಿ ಮುದುಡಿ ಒಣಗಿದ ಅಣಬೆಯ ಹಾಗಿತ್ತು. ಅವನ ಐಗಳು ಚಿಕ್ಕಂದಿನಲ್ಲಿ ಹಿಂಡಿ ಮಾಡಿದ್ದಂತೆ. ಅದನ್ನು ಅವನೇ ಎಲ್ಲರಿಗೂ ತೋರಿಸಿ ಹೇಳಿಕೊಳ್ಳುತ್ತಿದ್ದ, ಮದುವೆಯಲ್ಲಿ ಕೊಟ್ಟ ಕಿವಿಯ ಒಂಟಿಯನ್ನು ತೋರಿಸುವವರ ಹಾಗೆ.

ಪರೀಕ್ಷೆ ನಡೆದದ್ದು ಗುಡಿಯ ಮುಂದಿನ ಮಂಟಪದಲ್ಲಿ, ಬೆಳಗಿನ ಬಿಸಿಲಿನಲ್ಲಿ. ಗೌಡರು, ಶಾನುಭೋಗರು ಕಂಬಕ್ಕೆ ಒರಗಿ ಕೂತಿದ್ದರು. ಊರೇ ನೆರೆದಿತ್ತು. ಹೆಂಗಸರು ನಾವು ಬಾವಿಕಟ್ಟೆಯ ಹತ್ತಿರ ನಿಂತೆವು. ಮಗ್ಗಿ ಕೇಳಿದರು, ಇಬ್ಬರೂ ಹೇಳಿದರು. ಅಡ್ಡಲೆಕ್ಕ ಕೇಳಿದರು, ನನ್ನ ಗಂಡ ಬೇಗ ಹೇಳಿದ, ಆ ಹಿರೋಡೆಯವನು ಬೆರಳು ಮಡಿಚಿ ನಿಧಾನಕ್ಕೆ ಹೇಳಿದ. ಆಮೇಲೆ ಗೌಡರು ಒಂದು ಮಾತು ಹೇಳಿ ಬರೆಯಿರಿ ಎಂದರು. ಹಳ್ಳಿ ಹಾಳಾಗಿದೆ ಎನ್ನುವ ಮಾತು. ಗೌಡರ ಬಾಯಲ್ಲಿ ಅದು ಅಳ್ಳಿ ಆಳಾಗದೆ ಎಂದೇ ಬಂತು, ನಮ್ಮ ಕಡೆ ಎಲ್ಲರ ಬಾಯಲ್ಲೂ ಹಾಗೇ. ನನ್ನ ಗಂಡ ಬರೆಯುವ ಹಾಗೆ ಬರೆದ. ಹಿರೋಡೆಯವನು ಕೇಳಿದ ಹಾಗೆ ಬರೆದ. ಶಾನುಭೋಗರು ಎರಡು ಹಲಗೆಗಳನ್ನೂ ನೋಡಿ, ಆಚಾರಿ ಬರೆದದ್ದು ಸರಿ, ಇವನ ಪ್ರಕಾರ ಹಳ್ಳಿ ಹಾಳಾಗಿಲ್ಲ, ಯಾವುದೋ ಅಳ್ಳಿ ಆಳಾಗಿ ದುಡಿಯಲು ಹೊರಟಿದ್ದಾಳೆ ಎಂದು ನಕ್ಕರು. ಓದಲು ಬಾರದ ಗೌಡರಿಗೆ ನಗು ಬರಲಿಲ್ಲ.

‘ಎರಡ್ನೂ ಓದಿ ಮತ್ತೆ’ ಎಂದರು. ಶಾನುಭೋಗರು ಓದಿದರು. ಎಷ್ಟು ಓದಿದವರಾದರೂ ಅವರೂ ನಾಗಮಂಗಲದವರೇ. ‘ಎರಡೂ ಒಂದೇ ತರ ಕೇಳುಸ್ತದಲ್ಲ ಬುಡಿ’ ಎಂದರು ಗೌಡರು.

ಅಲ್ಲಿಗೆ ಅಕ್ಷರದ ಪರೀಕ್ಷೆ ಮುಗಿಯಿತು. ಇನ್ನು ಇಬ್ಬರ ಕೈಯನ್ನೂ ನೋಡಬೇಕು ಎಂದರು. ನನ್ನ ಗಂಡ, ಅಕ್ಷರದ ಅಂದ ನೋಡುತ್ತಾರೇನೋ ಎಂದುಕೊಂಡು ಹಲಗೆಯನ್ನು ಒರೆಸಿಕೊಂಡ. ಗೌಡರು ತಮ್ಮ ಸ್ವಂತ ಮಗನನ್ನೇ ಕರೆದರು. ಹತ್ತು ವರ್ಷದವನಿರಬೇಕು, ಎಣ್ಣೆ ತೀಡಿದ ಕಪ್ಪು ಮೈ, ಅಂಗಿ ಇಲ್ಲ. ನನ್ನ ಗಂಡನ ಮುಂದೆ ಬೆನ್ನು ತಿರುಗಿಸಿ ನಿಲ್ಲಿಸಿದರು.

‘ಎಲ್ಲಿ ಆಚಾರಿ, ಇವ್ನ ಬೆನ್ ಮ್ಯಾಲೆ ಒಂದು ಬರೆ ನೋಡಾನ.’

ಬೆತ್ತ ಅಲ್ಲೇ ನೆಲದ ಮೇಲೆ ಇತ್ತು. ಅವನಿಗೆ ಕಾಣಲಿಲ್ಲವೋ, ಬೆಳಗಿನಿಂದ ಬರೆ ಬರೆ ಎಂದು ಹೇಳಿಸಿಕೊಂಡು ತಲೆ ಆ ಕಡೆಗೇ ತಿರುಗಿತ್ತೋ. ಹಲಗೆ ಬಿಟ್ಟು ಬೆನ್ನಿನ ಮೇಲೆ ಯಾಕೆ ಬರೆಸುತ್ತಾರೆ ಎಂದು ಒಂದು ಗಳಿಗೆ ಯೋಚಿಸಿದ್ದು ಅವನ ಮುಖದಲ್ಲಿ ಕಂಡಿತು. ಆಮೇಲೆ ಬಳಪ ತೆಗೆದುಕೊಂಡು, ಹುಡುಗನ ಹೆಗಲ ಮೇಲೆ ಎಡಗೈ ಇಟ್ಟು, ಬೆನ್ನಿನ ನಡುವೆ ದೊಡ್ಡದಾಗಿ ಶ್ರೀ ಎಂದು ಬರೆದ. ಬಡಗಿ ಹಲಗೆಯ ಮೇಲೆ ಗೆರೆ ಎಳೆಯುವ ಹಾಗೆ, ನಾಲಗೆ ಕಚ್ಚಿಕೊಂಡು ಬರೆದ. ಹುಡುಗನಿಗೆ ಕಚಗುಳಿಯಾಗಿ ಕಿಸಕ್ಕನೆ ನಕ್ಕ. ಅವನು ನಕ್ಕದ್ದಕ್ಕೆ ಉಳಿದ ಹುಡುಗರು ನಕ್ಕರು. ಆಮೇಲೆ ಇಡೀ ಮಂಟಪ ನಕ್ಕಿತು.

ಗೌಡರ ಮುಖ ಇದ್ದಿಲಾಯಿತು. ಊರ ಮುಂದೆ ಅವರ ಮಗ ಬೆನ್ನು ಕುಣಿಸುತ್ತ ನಗುತ್ತಿದ್ದ. ‘ಮರಕ್ಕೆ ಗೀಟು ಆಕ್ತಿದ್ದೀಯೇನಯ್ಯ? ಬರೆ ಏಳಂಗೆ ಒಡಿ ಅಂದ್ರೆ’ ಎಂದು ಬೆತ್ತವನ್ನು ಕಾಲಿನಿಂದ ಅವನ ಕಡೆ ನೂಕಿದರು.

ಆಗ ಅವನಿಗೆ ಅರ್ಥವಾಯಿತು. ಈ ಹುಡುಗ ಮಾಡಿದ್ದೇನು ಎಂದು ಕೇಳಿದ. ಏನೂ ಮಾಡಿಲ್ಲ, ಇದು ಪರೀಕ್ಷೆ ಎಂದರು. ನನ್ನ ಗಂಡ ದೊಡ್ಡ ಧರ್ಮಾತ್ಮ ಎಂದು ನಾನು ಬರೆಯುವುದಿಲ್ಲ. ಅವನು ಹೊಡೆದ. ಐಗಳಾಗದಿದ್ದರೆ ಏನಾಗುತ್ತದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಅವನ ಕೈ ಹುಟ್ಟಿದಾಗಿನಿಂದ ಉಳಿ ಬಡಿದು ಪಳಗಿದ ಕೈ. ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲುವುದು ಅದಕ್ಕೆ ರೂಢಿ. ಬೆತ್ತ ಮೇಲೆ ಹೋಯಿತು, ಕೆಳಗೆ ಬಂತು, ಬೆನ್ನಿನ ಹತ್ತಿರ ಬಂದು ತಾನಾಗಿ ಸಣ್ಣಗಾಯಿತು. ಹೊಡಿ, ಇನ್ನೂ ಜೋರಾಗಿ ಹೊಡಿ ಎಂದು ನಾನು ಬಾವಿಕಟ್ಟೆಯ ಹತ್ತಿರ ಹಲ್ಲು ಕಚ್ಚಿ ನಿಂತಿದ್ದೆ. ಗೌಡರು ಮಗನನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ಬಳಪದ ಶ್ರೀ ಸ್ವಲ್ಪ ಕದಡಿತ್ತು. ಬರೆ ಇರಲಿಲ್ಲ.

ಹಿರೋಡೆಯವನು ಬೆತ್ತವನ್ನು ನೀರಲ್ಲಿ ಅದ್ದಿ ತೆಗೆದುಕೊಂಡ. ಒಂದೇ ಏಟು. ಹುಡುಗ ಕೂಗಲಿಲ್ಲ, ಉಸಿರೇ ನಿಂತುಹೋಗಿತ್ತು. ನಾವು ನೋಡುತ್ತಿದ್ದ ಹಾಗೇ ಬೆನ್ನಿನ ಮೇಲೆ ಹೆಬ್ಬೆರಳು ದಪ್ಪ ಬರೆ ಎದ್ದಿತು, ಶ್ರೀ ಎರಡು ಹೋಳಾಯಿತು. ಅದರ ತುದಿಯಲ್ಲಿ ರಕ್ತ ಒಸರಿ ಬಳಪದ ಪುಡಿಯೊಳಗೆ ಇಳಿಯಿತು. ಇದು ಐಗಳ ಕೈ ಎಂದರು ಗೌಡರು. ಶಾನುಭೋಗರು ಹಲಗೆಯ ಕಡೆ ಕೈ ತೋರಿಸಿ ಏನೋ ಹೇಳಲು ಹೋದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಪರೀಕ್ಷೆ ಆಯಿತು.

ಮನೆಗೆ ಬಂದು ಅವನು ಮೂಲೆಯಲ್ಲಿ ಕೂತ. ಬೆತ್ತ ಕಣ್ಣಿಗೆ ಕಾಣಲಿಲ್ಲವೇ ಎಂದು ಬೈದೆ. ‘ಬರೆ ಅಂದ್ರೆ ಬರ್ಯೋದು ಅಂತ್ಲೇ ತಿಳ್ಕಂಡೆ ಕಣೆ. ಐಗಳ ಪರೀಕ್ಷೆ ಅಲ್ವಾ’ ಎಂದ.

ನಾನು ಗೌಡರ ಹಿತ್ತಿಲಿಗೆ ಹೋದೆ. ಐಗಳು ಮಾಡದಿದ್ದರೆ ಬೇಡ, ಮಠಕ್ಕೆ ಹಲಗೆ ಮಾಡುವವನು ಎಂದಾದರೂ ಪಟ್ಟಣದವರಿಗೆ ಹೇಳಿ ಉಳಿಸಿ ಎಂದು ಬೇಡಿಕೊಂಡೆ. ಅವರು ಎಲೆ ಅಡಿಕೆ ಉಗಿದು ಹೇಳಿದರು: ‘ನಿನ್ ಗಂಡನ್ ಕೈಲಿ ನೊಣಾನೂ ಸಾಯಕ್ಕಿಲ್ಲ ಕಣಮ್ಮಿ. ಕ್ವಾಟೆಗೋದ್ರೆ ಕೈ ಗಟ್ಟಿಯಾಯ್ತದೆ, ಓಗ್ಲಿ ಬುಡು.’

ರಾಗಿ ಕೊಯ್ಲಿನ ಹೊತ್ತಿಗೆ ಪಟ್ಟಣದ ಆಳುಗಳು ಬಂದರು. ಎತ್ತು, ಗಾಡಿ, ಹಗ್ಗ, ಬಡಗಿ, ಕಮ್ಮಾರ, ಕಂಡದ್ದನ್ನೆಲ್ಲ ಎಳೆದರು. ಊರ ಬಾವಿಯ ಹಗ್ಗವನ್ನೂ ಬಿಚ್ಚಿಕೊಂಡರು. ಮಠದ ಜಗುಲಿಯ ಮೇಲೆ ಹೊಸ ಐಗಳು ಕೈ ಕಟ್ಟಿಕೊಂಡು ನಿಂತಿದ್ದ. ಇವನು ಯಾರು ಎಂದು ಕೇಳಿದರು. ನಮ್ಮೂರ ಐಗಳು ಎಂದರು ಗೌಡರು. ಅವನನ್ನು ಮುಟ್ಟಲಿಲ್ಲ, ಅವನ ತಲೆಯ ಮೇಲೆ ತೊಲೆಗೆ ಕಟ್ಟಿದ್ದ ಕೋದಂಡದ ಹಗ್ಗವನ್ನೂ ಮುಟ್ಟಲಿಲ್ಲ. ನನ್ನ ಗಂಡನ ಕೈಯನ್ನು ಎದುರು ಮನೆ ಕಮ್ಮಾರನ ಕೈಗೆ ಜೋಡಿಸಿ ಕಟ್ಟಿ ಗಾಡಿಯ ಹಿಂದಕ್ಕೆ ಬಿಗಿದರು. ನಾನು ಗಾಡಿಯ ಹಿಂಬದಿಯನ್ನು ಹಿಡಿದು ಜೋತುಬಿದ್ದೆ. ಒಬ್ಬನು ಬಂದೂಕಿನ ಹಿಡಿಯಿಂದ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ನಾಲ್ಕೂ ಬಾಯೊಳಗೇ ಉದುರಿದವು. ಇವತ್ತಿಗೂ ‘ಸ’ ಎಂದರೆ ನನ್ನ ಬಾಯಿಂದ ಸಿಳ್ಳೆ ಬರುತ್ತದೆ. ರಕ್ತ ಉಗಿದು ತಲೆ ಎತ್ತುವ ಹೊತ್ತಿಗೆ ಗಾಡಿ ಕೆರೆ ಏರಿ ದಾಟಿತ್ತು. ಅವನು ತಿರುಗಿ ನೋಡಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ಮಠ ನಮ್ಮ ಮನೆಯ ಪಕ್ಕದಲ್ಲೇ. ಹೊಸ ಐಗಳು ಪರೀಕ್ಷೆಯಲ್ಲಿ ಮಾಡಿದ್ದನ್ನೇ ದಿನವೂ ಮಾಡಿದ. ಗೋಡೆಯ ಈಚೆ ರಾಗಿ ಬೀಸುವಾಗ ಬೆತ್ತದ ಸದ್ದು ಎಣಿಸುವುದನ್ನೂ ಬಿಟ್ಟುಬಿಟ್ಟೆ. ಒಬ್ಬ ಹುಡುಗನ ಕಿವಿಯಿಂದ ಕೀವು ಸೋರಿತು, ಇನ್ನೊಬ್ಬ ಊರು ಬಿಟ್ಟು ಓಡಿಹೋದ. ಅಪ್ಪಂದಿರು ಸಮಾಧಾನವಾಗಿದ್ದರು. ಬೀದಿಯಲ್ಲಿ ಕವಣೆ ಹಿಡಿದವರು ಕಾಣುತ್ತಿರಲಿಲ್ಲ.

ಗೌಡರ ಮಗನದೇ ಒಂದು ಪೀಡೆ. ಐಗಳು ಬರೆ ಎಂದರೆ ಸಾಕು, ಅವನಿಗೆ ಬೆನ್ನಿನ ಕಚಗುಳಿ ನೆನಪಾಗಿ ನಗು ಬರುತ್ತಿತ್ತು. ತಡೆಯಲು ಅವನಿಂದ ಆಗುತ್ತಿರಲಿಲ್ಲ. ಅವನನ್ನು ನೋಡಿ ಉಳಿದವರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮಠದಲ್ಲಿ ಬರೆ ಎನ್ನದೆ ಐಗಳು ಇನ್ನೇನು ಅಂದಾನು. ದಕ್ಷಿಣದ ಕಡೆ ಲಡಾಯಿ ಶುರುವಾದ ಸುದ್ದಿ ಬಂದ ಬೇಸಿಗೆಯಲ್ಲಿ ಒಂದು ದಿನ ಅವನು ಹೀಗೇ ನಕ್ಕ. ಐಗಳು ಅವನ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿ ಹಗ್ಗಕ್ಕೆ ಬಿಗಿದು ಮೇಲಕ್ಕೆ ಎಳೆದ. ಕೈ ಹಿಂದೆ ಕಟ್ಟಿ ಎಳೆದರೆ ಭುಜದ ಕೀಲು ನಿಲ್ಲುವುದಿಲ್ಲ. ಕೋಳಿಯ ತೊಡೆ ಮುರಿದಾಗ ಬರುವ ಸದ್ದು ಗೋಡೆಯ ಈಚೆಗೆ ಕೇಳಿಸಿತು, ಎರಡು ಸಲ. ಆಮೇಲೆ ಬೆತ್ತ. ನಾನು ಬೀಸುವುದನ್ನು ಬಿಟ್ಟು ಗೌಡರ ಮನೆಗೆ ಓಡಿದೆ.

ನಾವು ಬರುವಾಗಲೂ ಹುಡುಗ ತೂಗುತ್ತಿದ್ದ. ಇಳಿಸಿದ ಮೇಲೆ ಅವನ ಎರಡು ಕೈಯೂ ಒಗೆದು ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದವು. ಅವು ಮತ್ತೆ ಮೇಲೇಳಲಿಲ್ಲ. ಅವನು ಮುದುಕನಾಗುವವರೆಗೂ ಇನ್ನೊಬ್ಬರು ತುತ್ತು ಕೊಟ್ಟರೆ ಊಟ.

ಗೌಡರು ಪಕ್ಕದ ನಮ್ಮ ಮನೆಯ ಒನಕೆ ತೆಗೆದುಕೊಂಡರು. ಮೊದಲ ಏಟಿಗೆ ಐಗಳ ಮೊಣಕಾಲು ಹೋಯಿತು. ಅವನು ಕೂತಲ್ಲಿಂದಲೇ ಕೈ ಅಡ್ಡ ಹಿಡಿದು ಹೇಳಿದ: ‘ಪರೀಕ್ಸೇಲಿ ನೀವೇ ಒಪ್ಕಂಡ್ರಲ್ಲ ಗೌಡ್ರೇ. ನಾನು ಬ್ಯಾರೆ ಏನ್ ಮಾಡಿದ್ನಿ?’

ಆ ಮಾತಿಗೆ ಗೌಡರು ಅಡ್ಡ ಹಿಡಿದ ಕೈಯನ್ನೇ ಕಲ್ಲಿನ ಮೇಲೆ ಇಡಿಸಿ, ಬೆರಳಿನಿಂದ ಮೊಣಕೈವರೆಗೆ ಕುಟ್ಟಿದರು. ಊರವರು ಅವನನ್ನು ಎಳೆದುಕೊಂಡು ಹೋಗಿ ಗಡಿಕಲ್ಲಿನ ಆಚೆ ಹಾಕಿ ಬಂದರು. ಮತ್ತೆ ಏನಾದ ಎಂದು ಯಾರೂ ವಿಚಾರಿಸಲಿಲ್ಲ.

ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವನು ಹೇಳಿದ್ದು ಸುಳ್ಳಲ್ಲ. ಆ ಪರೀಕ್ಷೆ ತಪ್ಪಿ ಅವನನ್ನು ಆರಿಸಲಿಲ್ಲ. ಊರಿಗೆ ಎಂಥವನು ಬೇಕಾಗಿದ್ದನೋ ಅಂಥವನನ್ನೇ ಸರಿಯಾಗಿ ಹೆಕ್ಕಿ ಕೊಟ್ಟಿತು. ಆದ್ದರಿಂದ ಪರೀಕ್ಷೆಯಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ, ಇದೆ, ಬಹಳ ಇದೆ ಎಂದೇ ನಾನು ಹೇಳುವುದು. ಆದರೆ ಮೇಷ್ಟ್ರನ್ನು ಪರೀಕ್ಷೆಗೆ ಕೂರಿಸುವ ಮೊದಲು ಕೇಳುವವರನ್ನು ಕೂರಿಸಿ, ನಿಮಗೆ ಎಂಥವನು ಬೇಕು ಎಂದು ಬಾಯಿ ಬಿಡಿಸಬೇಕು. ನಮ್ಮೂರಿನಲ್ಲಿ ಅದನ್ನು ಯಾರೂ ಮಾಡಲಿಲ್ಲ.

ಮಗನ ಕೈ ಹೋದ ಮೇಲೆ ಗೌಡರು ನಮ್ಮ ಮನೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಕೂರಲಿಲ್ಲ. ಪಟ್ಟಣಕ್ಕೆ ಆಳು ಕಳಿಸಿ ನನ್ನ ಗಂಡನನ್ನು ಬಿಡಿಸಿಕೊಂಡು ಬರುತ್ತೇನೆ, ಮಠ ಅವನದೇ ಎಂದರು. ‘ಪರೀಕ್ಸೆ ಗಿರೀಕ್ಸೆ ಏನೂ ಬ್ಯಾಡ, ಬಂದು ಕೂತ್ಕಂಡ್ರೆ ಸಾಕು’ ಎಂದರು. ನಾನು ಹೂಂ ಎಂದೆ. ಅವರು ಕಳಿಸಿದ ಆಳು ಹಿರೋಡೆಯವರೆಗೆ ಹೋಗಿ ಹಿಂದಕ್ಕೆ ಬಂದ. ಅಲ್ಲಿಂದ ಮುಂದೆ ದಾರಿ ತುಂಬ ದಂಡು. ಸಂಜೆಯ ಗಾಳಿ ತಿರುಗಿದಾಗ ದಕ್ಷಿಣದಿಂದ ತೋಪಿನ ಸದ್ದು ನಮಗೂ ಕೇಳಿಸುತ್ತಿತ್ತು. ಮಳೆ ಎಂದುಕೊಂಡು ಮುದುಕಿಯರು ಬೆರಣಿಯನ್ನು ಒಳಗೆ ಎತ್ತಿಡುತ್ತಿದ್ದರು. ಬಾವಿಗೆ ಹಗ್ಗವಿಲ್ಲದೆ, ಹೊಸೆಯಲು ತೆಂಗಿನ ನಾರೂ ಇಲ್ಲದೆ ನಾವೆಲ್ಲ ಕೆರೆಯ ತಳದ ಕೆಸರು ನೀರನ್ನು ಬಸಿದು ಕುಡಿಯುತ್ತಿದ್ದೆವು. ಗಂಡ ಬರುತ್ತಾನೆ, ಬಂದರೆ ಮಠ ಇದೆ ಎಂದು ನಾನು ಹಳೆಯ ಹಲಗೆಗಳನ್ನೆಲ್ಲ ಅಟ್ಟದಿಂದ ಇಳಿಸಿ ಮಸಿ ಬಳಿದು ಇಟ್ಟೆ.

ಕೋಟೆ ಬಿತ್ತು. ಬಿದ್ದ ಮೇಲೆ ಒಬ್ಬೊಬ್ಬರೇ ಊರಿಗೆ ಬಂದರು. ಎದುರು ಮನೆಯ ಕಮ್ಮಾರ ಒಂದು ಸಂಜೆ ಕುಂಟುತ್ತ ಬಂದು ತನ್ನ ಮನೆಗೆ ಹೋಗದೆ ನಮ್ಮ ಜಗುಲಿಗೆ ಬಂದ. ಸೊಂಟದಿಂದ ನನ್ನ ಗಂಡ ಮರ ಕೆತ್ತುತ್ತಿದ್ದ ಬಾಚಿಯನ್ನು ತೆಗೆದು ಮುಂದೆ ಇಟ್ಟ. ಕೋಟೆಯ ಗೋಡೆಯ ಮೇಲೆ ತೋಪಿನ ಗಾಡಿಯ ಚಕ್ರ ಬಿಗಿಯುತ್ತಿದ್ದಾಗ ಗುಂಡು ಬಿತ್ತಂತೆ. ಸೊಂಟದ ಮೇಲೆ ಏನೂ ಉಳಿದಿರಲಿಲ್ಲವಂತೆ. ಸೊಂಟಕ್ಕೆ ಸಿಕ್ಕಿಸಿದ್ದ ಬಾಚಿಯಿಂದಲೇ ಗುರುತು ಹಿಡಿದನಂತೆ. ಉಳಿದದ್ದನ್ನು ಹೊಳೆಗೆ ಹಾಕಿದರು, ಹೂಳುವುದಕ್ಕೆ ಪುರುಸೊತ್ತು ಇರಲಿಲ್ಲ ಎಂದ. ನಾನು ಅವನಿಗೆ ಅಂಬಲಿ ಕೊಟ್ಟೆ. ಗೌಡರು ಸುದ್ದಿ ಕೇಳಿ ಬಂದು ಬೀದಿಯಲ್ಲಿ ನಿಂತರು, ಏನೋ ಹೇಳಲು ಬಾಯಿ ತೆರೆದರು. ನಾನು ಬಾಗಿಲು ಹಾಕಿಕೊಂಡೆ.

ಮಾರನೆಯ ಬೆಳಗ್ಗೆ ಆ ಬಾಚಿಯನ್ನು ತೆಗೆದುಕೊಂಡು ಮಠದ ಜಗುಲಿ ಹತ್ತಿದೆ. ಮನೆಯ ಮರದ ಒರಳನ್ನು ತಂದು ಕವುಚಿ ಹಾಕಿ ಅದರ ಮೇಲೆ ನಿಂತು ತೊಲೆಯ ಹಗ್ಗವನ್ನು ಕಡಿದೆ. ಗಟ್ಟಿ ಹಗ್ಗ, ಒಂದೆರಡು ಏಟಿಗೆ ಬರಲಿಲ್ಲ. ಕಡಿದು ಇಳಿಸಿ, ಕೊಡಕ್ಕೆ ಕಟ್ಟಿ, ಬಾವಿಗೆ ಬಿಟ್ಟು ನೀರು ಸೇದಿದೆ.